ಮೀಟರಿನಲ್ಲಿ ಓಮ್, ವರದಿಯಲ್ಲಿ ಓಮ್-ಮೀಟರ್: ರೋಧಕ್ಕೂ ರೋಧಶೀಲತೆಗೂ ಏನು ವ್ಯತ್ಯಾಸ?

ಪ್ರಶ್ನೆ: ಹೊಲದಂಚು

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನಲ್ಲಿರುವ ನಮ್ಮ ಜಮೀನಿನ ಹಳೆಯ ಕೊಳವೆಬಾವಿ ಬತ್ತಿಹೋಯಿತು. ಹೊಸದನ್ನು ಕೊರೆಸುವ ಮುನ್ನ, ಈ ಸಲ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಯದೆ, ಭೂವಿಜ್ಞಾನಿಯೊಬ್ಬರಿಂದ ಪಾಯಿಂಟ್ ಮಾಡಿಸಿದೆವು. ಅವರು ಹೊಲದ ನಡುವೆ ರೆಸಿಸ್ಟಿವಿಟಿ ಮೀಟರ್ ಇಟ್ಟುಕೊಂಡು, ಒಂದೇ ಸಾಲಿನಲ್ಲಿ ಸಮಾನ ಅಂತರಕ್ಕೆ ನಾಲ್ಕು ಕಬ್ಬಿಣದ ಗೂಟಗಳನ್ನು ಹೊಡೆಸಿ, ಹೊರಗಿನ ಎರಡು ಗೂಟಗಳ ಮೂಲಕ ನೆಲಕ್ಕೆ ವಿದ್ಯುತ್ ಹರಿಸಿ, ಒಳಗಿನ ಎರಡು ಗೂಟಗಳ ನಡುವಿನ ವೋಲ್ಟೇಜನ್ನು ಅಳೆದರು. ಪ್ರತಿ ಅಳತೆಯ ನಂತರವೂ ಗೂಟಗಳನ್ನು ಕಿತ್ತು ಇನ್ನಷ್ಟು ದೂರಕ್ಕೆ ಹೊಡೆಸುತ್ತಾ ಹೋದರು. ಕೊನೆಯ ಅಳತೆಗೆ ಸಾಲು ಪಕ್ಕದವರ ರಾಗಿ ಹೊಲದೊಳಗೂ ಹೋಗಿತ್ತು.

ನಾನು ಪಕ್ಕದಲ್ಲಿ ನಿಂತು ಮೀಟರಿನ ಅಂಕಿಗಳನ್ನು ಬರೆದುಕೊಂಡೆ. ಗೂಟಗಳ ಅಂತರ 5 ಮೀಟರ್ ಇದ್ದಾಗ 1.97 ಓಮ್, 10 ಮೀಟರಿಗೆ 0.76, 20ಕ್ಕೆ 0.45, 40ಕ್ಕೆ 0.37, 60ಕ್ಕೆ 0.33. ಅಂತರ ಹೆಚ್ಚಿದಂತೆಲ್ಲ ರೋಧ ಕಡಿಮೆಯಾಗುತ್ತಲೇ ಬಂದದ್ದರಿಂದ, ಕೆಳಗೆ ಹೋದಷ್ಟೂ ನೀರಿದೆ ಎಂದು ಮನೆಯಲ್ಲಿ ಎಲ್ಲರೂ ಸಂತೋಷಪಟ್ಟೆವು. ಆದರೆ ಎರಡು ದಿನಗಳ ನಂತರ ಬಂದ ವರದಿಯಲ್ಲಿ ಅದೇ ಐದು ಅಳತೆಗಳಿಗೆ 62, 48, 57, 93, 124 ಓಮ್/ಮೀಟರ್ ಎಂದು ಬರೆದು, ಆಳದಲ್ಲಿ ಗಟ್ಟಿ ಬಂಡೆ ಇದೆ ಎಂದು ಹೇಳಲಾಗಿದೆ.

ರೋಧ ಇಳಿಯುತ್ತಿರುವಾಗ ರೋಧಶೀಲತೆ ಏರುವುದು ಹೇಗೆ? ಹತ್ತನೆಯ ತರಗತಿಯಲ್ಲಿ ಎರಡನ್ನೂ ಓದಿದ ನೆನಪಿದೆ. ಆದರೆ ಒಂದೇ ಗುಣಕ್ಕೆ ಎರಡು ಹೆಸರು ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಯಾವ ಪಟ್ಟಿಯನ್ನು ನಂಬಬೇಕು ಎಂದು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ಶಿಲಾಪದರ

ಎರಡು ಪಟ್ಟಿಗಳೂ ಸರಿಯಾಗಿವೆ. ಮೀಟರ್ ತೋರಿಸಿದ್ದು ರೋಧವನ್ನು. ವರದಿಯಲ್ಲಿರುವುದು ಆ ರೋಧದಿಂದ ಲೆಕ್ಕ ಹಾಕಿ ತೆಗೆದ ರೋಧಶೀಲತೆ.

ಮೊದಲು ಒಂದು ಸಣ್ಣ ತಿದ್ದುಪಡಿ. ವರದಿಯನ್ನು ಇನ್ನೊಮ್ಮೆ ನೋಡಿದರೆ ಅಲ್ಲಿ ಓಮ್-ಮೀಟರ್ ಎಂದು ಇರಬೇಕು. ಅದು ಓಮನ್ನು ಮೀಟರಿನಿಂದ ಗುಣಿಸಿದ ಮಾನ. ನೀವು ಓದಿಕೊಂಡಂತೆ ಪ್ರತಿ ಮೀಟರಿಗೆ ಇಷ್ಟು ಓಮ್ ಎಂಬ ಅರ್ಥ ಅದಕ್ಕಿಲ್ಲ. ಈ ಒಂದು ಗೆರೆಯನ್ನು ತಪ್ಪಾಗಿ ಓದಿದ್ದರಿಂದಲೇ ನಿಮ್ಮ ಗೊಂದಲದ ಅರ್ಧ ಭಾಗ ಹುಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

ರೋಧ ಎನ್ನುವುದು ಒಂದು ನಿರ್ದಿಷ್ಟ ವಸ್ತುವಿಗೆ, ಅದರ ಯಾವ ಎರಡು ತುದಿಗಳಿಂದ ವಿದ್ಯುತ್ ಹೊಕ್ಕು ಹೊರಡುತ್ತದೆ ಎಂಬುದನ್ನೂ ಸೇರಿಸಿಕೊಂಡು ಸಲ್ಲುವ ಅಳತೆ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಅದು ಸಿಕ್ಕಿಬಿಡುತ್ತದೆ. ರೋಧಶೀಲತೆ ಆ ವಸ್ತು ಯಾವುದರಿಂದ ಆಗಿದೆಯೋ ಆ ದ್ರವ್ಯದ ಗುಣ. ನಿಮ್ಮ ಹೊಲದ ಮೇಲ್ಮಣ್ಣಿನಿಂದ, ಅಂದರೆ 62 ಓಮ್-ಮೀಟರ್ ರೋಧಶೀಲತೆಯ ಮಣ್ಣಿನಿಂದ, ಉದ್ದ ಅಗಲ ಎತ್ತರ ಮೂರೂ ಒಂದೊಂದು ಮೀಟರ್ ಇರುವ ಘನವನ್ನು ಕತ್ತರಿಸಿ ತೆಗೆದು, ಎದುರುಬದುರು ಮುಖಗಳಿಗೆ ಲೋಹದ ತಗಡು ಒತ್ತಿ ಅಳೆದರೆ 62 ಓಮ್ ಬರುತ್ತದೆ. ಅದೇ ಮಣ್ಣಿನ ಎರಡು ಮೀಟರ್ ಘನವನ್ನು ತೆಗೆದುಕೊಂಡರೆ ವಿದ್ಯುತ್ ಸಾಗಬೇಕಾದ ದಾರಿ ಎರಡು ಪಟ್ಟು ಉದ್ದವಾಗುತ್ತದೆ, ಆದರೆ ಅದು ಹರಿಯುವ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ರೋಧ 31 ಓಮಿಗೆ ಇಳಿಯುತ್ತದೆ. ಮಣ್ಣು ಅದೇ, ರೋಧಶೀಲತೆ ಅದೇ 62; ಗಾತ್ರ ಮಾತ್ರ ಬದಲಾಗಿದೆ.

ನಿಮ್ಮ ಹೊಲದಲ್ಲಿ ನಡೆದದ್ದೂ ಇದೇ. ಗೂಟಗಳನ್ನು ದೂರ ಸರಿಸಿದಂತೆ ವಿದ್ಯುತ್ತಿನ ದಾರಿ ಉದ್ದವಾಯಿತು, ಆದರೆ ಅದಕ್ಕಿಂತ ವೇಗವಾಗಿ ಅಗಲವೂ ಆಳವೂ ಆಯಿತು. ಆದ್ದರಿಂದ ನೆಲ ಎಲ್ಲೆಡೆ ಒಂದೇ ಬಗೆಯದಾಗಿದ್ದರೂ, ಕೆಳಗೆ ಒಂದು ಹನಿ ನೀರು ಹೆಚ್ಚಿರದಿದ್ದರೂ, ಅಂತರ ಎರಡು ಪಟ್ಟಾದಾಗ ಮೀಟರಿನ ಓಮ್ ಅರ್ಧಕ್ಕೆ ಇಳಿಯಲೇಬೇಕು. ಈ ಗಾತ್ರದ ಪ್ರಭಾವವನ್ನು ಕಳೆಯಲು ಭೂವಿಜ್ಞಾನಿಗಳು ಓಮನ್ನು ಗೂಟಗಳ ಅಂತರದಿಂದ ಮತ್ತು 6.28ರಿಂದ, ಅಂದರೆ ಪೈನ ಎರಡರಷ್ಟರಿಂದ, ಗುಣಿಸುತ್ತಾರೆ. ಸಮಾನ ಅಂತರದ ನಾಲ್ಕು ಗೂಟಗಳ ಈ ಕ್ರಮವನ್ನು ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನ ಪದರಗಳನ್ನು ಅರಿಯುವ ಪ್ರಯೋಗಗಳನ್ನು ಫ್ರಾನ್ಸಿನಲ್ಲಿ ಕಾನ್ರಾಡ್ ಶ್ಲುಂಬರ್ಜೆ ಅದಕ್ಕೂ ಮುಂಚೆ, 1912ರ ವೇಳೆಗೇ, ಆರಂಭಿಸಿದ್ದರು.

ಈಗ ನಿಮ್ಮ ಅಂಕಿಗಳನ್ನು ನೋಡೋಣ. 5 ಮೀಟರಿನಲ್ಲಿ 1.97 ಓಮ್ ಇತ್ತು. 60 ಮೀಟರ್ ಅದರ ಹನ್ನೆರಡು ಪಟ್ಟು. ನೆಲ ಏಕರೂಪವಾಗಿದ್ದಿದ್ದರೆ ಮೀಟರ್ ಸುಮಾರು 0.16 ಓಮ್ ತೋರಿಸಬೇಕಿತ್ತು. ತೋರಿಸಿದ್ದು 0.33, ಅಂದರೆ ಎರಡು ಪಟ್ಟು. ಇಳಿಯಬೇಕಾದಷ್ಟು ಇಳಿಯದೆ ನಿಂತದ್ದರಲ್ಲಿಯೇ ಸುದ್ದಿ ಇದೆ: ಕೆಳಗಿನ ಗಟ್ಟಿ ಬಂಡೆ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲವಾದ್ದರಿಂದ ಅದು ಮೇಲಿನ ಪದರದಲ್ಲಿಯೇ ಹರಡಿಕೊಂಡು ಹೋಗಬೇಕಾಗಿದೆ. 10 ಮೀಟರಿನ ಆಸುಪಾಸಿನಲ್ಲಿ 48ಕ್ಕೆ ಇಳಿದದ್ದು ಗರಸು ಮತ್ತು ಶಿಥಿಲಗೊಂಡ ಬಂಡೆಯ ತೇವದ ಪದರವನ್ನು ಸೂಚಿಸುತ್ತಿರಬಹುದು, ಜೇಡಿಯನ್ನೂ ಸೂಚಿಸುತ್ತಿರಬಹುದು. ಜೇಡಿಯ ರೋಧಶೀಲತೆಯೂ ಕಡಿಮೆ, ಆದರೆ ಅದು ನೀರನ್ನು ಬಿಟ್ಟುಕೊಡುವುದಿಲ್ಲ. ಇನ್ನೊಂದು ಎಚ್ಚರಿಕೆಯ ಮಾತು: 124 ಎನ್ನುವುದು ಬಂಡೆಯ ನಿಜವಾದ ರೋಧಶೀಲತೆ ಅಲ್ಲ. ಬಿರುಕಿಲ್ಲದ ಗ್ರಾನೈಟಿನದು ಸಾವಿರಾರು ಓಮ್-ಮೀಟರ್ ಇರುತ್ತದೆ. ಇಲ್ಲಿ ಬಂದಿರುವುದು ಮೇಲಿನ ಮಣ್ಣೂ ಕೆಳಗಿನ ಬಂಡೆಯೂ ಬೆರೆತ, ತೋರಿಕೆಯ ರೋಧಶೀಲತೆ.

ಮರುಪ್ರಶ್ನೆ: ಹೊಲದಂಚು

ಬಹಳ ಉಪಕಾರವಾಯಿತು, ಸರ್. ವರದಿಯನ್ನು ಮತ್ತೆ ತೆಗೆದು ನೋಡಿದೆ. ನೀವು ಹೇಳಿದಂತೆ ಅದು ಓಮ್-ಮೀಟರ್ ಎಂದೇ ಇದೆ, ನಡುವಿನ ಅಡ್ಡಗೆರೆಯನ್ನು ನಾನೇ ಓರೆಗೆರೆ ಮಾಡಿಕೊಂಡಿದ್ದೆ.

ಇನ್ನು ಎರಡು ಸಂದೇಹಗಳಿವೆ. ಗೂಟ ಹೊಡೆದ ಮೇಲೆ ಅವರ ಸಹಾಯಕ ಬುಡಕ್ಕೆ ಬಿಂದಿಗೆಯಿಂದ ಉಪ್ಪುನೀರು ಸುರಿಯುತ್ತಿದ್ದ. ಪಕ್ಕದ ಹೊಲದ ಹಿರಿಯರು ಅದನ್ನು ನೋಡಿ, "ಇವರೇ ನೀರು ಹುಯ್ದು ಇವರೇ ನೀರು ಇದೆ ಅಂತಾರೆ, ಇದ್ಯಾವ ಶಾಸ್ತ್ರನಪ್ಪ" ಎಂದು ನಕ್ಕರು. ನನಗೆ ಉತ್ತರ ತೋಚಲಿಲ್ಲ. ಹಾಗೆ ನೀರು ಸುರಿದರೆ ಅಳತೆ ಕೆಡುವುದಿಲ್ಲವೇ? ಎರಡನೆಯದಾಗಿ, ರೋಧಶೀಲತೆ ದ್ರವ್ಯದ ಗುಣ ಎಂದಾದರೆ, ಮಳೆ ಬಿದ್ದ ಮೇಲೆ ಅಳೆದರೂ ಇದೇ ಅಂಕಿಗಳು ಬರಬೇಕಲ್ಲವೇ?

ಉತ್ತರ: ಶಿಲಾಪದರ

ಆ ಹಿರಿಯರ ಅನುಮಾನ ನ್ಯಾಯವಾದದ್ದೇ. ಎರಡೇ ಗೂಟ ಬಳಸಿ ಅಳೆದಿದ್ದರೆ ಅವರ ಮಾತು ಪೂರ್ತಿ ನಿಜವಾಗುತ್ತಿತ್ತು. ಒಣನೆಲದಲ್ಲಿ ಗೂಟಕ್ಕೂ ಮಣ್ಣಿಗೂ ನಡುವಿನ ಸಂಪರ್ಕದ ರೋಧವೇ ನೂರಾರು, ಕೆಲವೊಮ್ಮೆ ಸಾವಿರಾರು ಓಮ್ ಇರುತ್ತದೆ. ಅಳೆಯಬೇಕಾಗಿರುವುದು ಎರಡು ಓಮಿಗಿಂತ ಕಡಿಮೆಯದನ್ನು. ಜಾತ್ರೆಯ ಗದ್ದಲದಲ್ಲಿ ಕಿವಿಮಾತು ಕೇಳಿಸಿಕೊಳ್ಳುವ ಹಾಗೆ. ನಾಲ್ಕು ಗೂಟಗಳ ಜಾಣತನ ಇರುವುದು ಇಲ್ಲಿ. ಹೊರಗಿನ ಜೋಡಿ ನೆಲಕ್ಕೆ ಎಷ್ಟು ಪ್ರವಾಹ ಕಳಿಸಿತು ಎಂಬುದನ್ನು ಮೀಟರ್ ನೇರವಾಗಿ ಅಳೆದುಕೊಳ್ಳುತ್ತದೆಯಾದ್ದರಿಂದ ಅಲ್ಲಿನ ಸಂಪರ್ಕ ಒಳ್ಳೆಯದೋ ಕೆಟ್ಟದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಒಳಗಿನ ಜೋಡಿಯ ಮೂಲಕ ಪ್ರವಾಹ ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಅಲ್ಲಿಯ ಸಂಪರ್ಕ ರೋಧದಲ್ಲಿ ವೋಲ್ಟೇಜು ಕಳೆದುಹೋಗುವುದಿಲ್ಲ. ಉಪ್ಪುನೀರು ಸುರಿಯುವುದು ಸಾಕಷ್ಟು ಪ್ರವಾಹ ನೆಲಕ್ಕೆ ಇಳಿಯಲಿ ಎಂಬುದಕ್ಕೆ ಮಾತ್ರ. ಹತ್ತಾರು ಮೀಟರ್ ಹರಹಿನ ನೆಲದ ಮುಂದೆ ಒಂದು ಬಿಂದಿಗೆ ನೀರು ಯಾವ ಲೆಕ್ಕಕ್ಕೂ ಇಲ್ಲ.

ಮಳೆಯ ವಿಷಯದಲ್ಲಿ ನಿಮ್ಮ ಸಂದೇಹ ಇನ್ನೂ ಮುಖ್ಯವಾದದ್ದು. ಕಲ್ಲಿನ ಖನಿಜಗಳು ಹೆಚ್ಚುಕಡಿಮೆ ಅವಾಹಕಗಳೇ. ನೆಲದಲ್ಲಿ ವಿದ್ಯುತ್ ಹರಿಯುವುದು ಕಣಗಳ ಸಂದಿಗಳಲ್ಲಿಯೂ ಬಿರುಕುಗಳಲ್ಲಿಯೂ ನಿಂತ ನೀರಿನಲ್ಲಿ ಕರಗಿರುವ ಲವಣಗಳ ಮೂಲಕ. ಆದ್ದರಿಂದ ಮಣ್ಣಿನ ರೋಧಶೀಲತೆ ಅದರಲ್ಲಿ ಎಷ್ಟು ಸಂದಿ ಇದೆ, ಆ ಸಂದಿ ಎಷ್ಟು ತುಂಬಿದೆ, ತುಂಬಿದ ನೀರು ಎಷ್ಟು ಉಪ್ಪು ಎಂಬುದನ್ನೆಲ್ಲ ಅವಲಂಬಿಸಿದೆ. ತೈಲಬಾವಿಗಳ ಮರಳುಗಲ್ಲನ್ನು ಪರೀಕ್ಷಿಸಿ ಗಸ್ ಆರ್ಚಿ 1942ರಲ್ಲಿ ಈ ಸಂಬಂಧಕ್ಕೆ ಸೂತ್ರ ಕೊಟ್ಟರು. ಏಪ್ರಿಲಿನಲ್ಲಿ ಅಳೆದದ್ದಕ್ಕೂ ಅಕ್ಟೋಬರಿನಲ್ಲಿ ಅಳೆದದ್ದಕ್ಕೂ, ಮುಖ್ಯವಾಗಿ ಮೇಲ್ಪದರದಲ್ಲಿ, ವ್ಯತ್ಯಾಸ ಬಂದೇ ಬರುತ್ತದೆ. ನೆನೆದ ಮಣ್ಣು ವಿದ್ಯುತ್ತಿನ ದೃಷ್ಟಿಯಲ್ಲಿ ಬೇರೆಯೇ ದ್ರವ್ಯ ಎಂದು ತಿಳಿಯಿರಿ. ಹಾಗೆ ಬದಲಾಗುತ್ತದೆ ಎಂಬ ಕಾರಣಕ್ಕೇ ಅದನ್ನು ಅಳೆದು ನೀರಿನ ಸುಳಿವು ಹಿಡಿಯಲು ಸಾಧ್ಯವಾಗಿರುವುದು.

ಉತ್ತರ: ವೈರಿಂಗ್ ಕೆಲಸದವ

ನಾನು ನೆಲದ ಕೆಲಸ ಬಲ್ಲವನಲ್ಲ. ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ವೈರಿಂಗ್ ಮಾಡುವವನು. ನಮ್ಮ ಕಸುಬಿನಲ್ಲಿ ಈ ಎರಡರ ವ್ಯತ್ಯಾಸ ತಿಳಿಯದಿದ್ದರೆ ಕೈಯಿಂದ ದುಡ್ಡು ಹೋಗುತ್ತದೆ ಎಂಬುದಕ್ಕೆ ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ 2.5 ಚದರ ಮಿಲಿಮೀಟರಿನ, 90 ಮೀಟರ್ ಉದ್ದದ ವೈರಿನ ಸುರುಳಿಯನ್ನು ಶುದ್ಧ ತಾಮ್ರದ್ದೆಂದು ಕೊಂಡು ತಂದೆ. ಎಳೆಗಳ ಬಣ್ಣ ತಾಮ್ರದ್ದೇ ಆಗಿತ್ತು, ಆದರೆ ಸುರುಳಿಯನ್ನು ಕೈಗೆತ್ತಿಕೊಂಡಾಗ ಹಗುರವೆನ್ನಿಸಿತು. ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಒಮ್ಮೆ 1.2, ಒಮ್ಮೆ 1.4 ಎಂದು ಕುಣಿಯುತ್ತಿತ್ತು. ಅದರ ಕಡ್ಡಿಗಳ ಮತ್ತು ಅವುಗಳ ವೈರಿನ ರೋಧವೇ 0.2, 0.3 ಓಮ್ ಇರುವಾಗ ಅಂಥ ಅಳತೆಯನ್ನು ನಂಬುವಂತಿಲ್ಲ. ಕೊನೆಗೆ ಕಾರಿನ ಬ್ಯಾಟರಿ, ಹೆಡ್‌ಲೈಟಿನ ಬಲ್ಬು ಮತ್ತು ಈ ಸುರುಳಿಯನ್ನು ಒಂದೇ ಸರಣಿಯಲ್ಲಿ ಜೋಡಿಸಿ 4 ಆಂಪಿಯರ್ ಹರಿಸಿ, ಸುರುಳಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಬೇರೆ ಮೀಟರಿನಿಂದ ನೋಡಿದೆ. ಶುದ್ಧ ತಾಮ್ರವಾಗಿದ್ದರೆ 2.4 ವೋಲ್ಟ್ ಆಸುಪಾಸು ಬರಬೇಕಿತ್ತು. ಬಂದದ್ದು 3.9. ಅಂದರೆ ರೋಧ 0.61 ಓಮ್ ಇರಬೇಕಾದಲ್ಲಿ 0.97 ಓಮ್ ಇತ್ತು. ಮೇಲಿನವರು ಹೇಳಿದ ನಾಲ್ಕು ಗೂಟಗಳ ಉಪಾಯವನ್ನೇ ನಾನು ಹೆಸರು ಗೊತ್ತಿಲ್ಲದೆ ಬಳಸಿದ್ದೆ ಎಂದು ಈಗ ತಿಳಿಯುತ್ತಿದೆ.

ಆದರೆ ರೋಧ ಹೆಚ್ಚಾಗಿದೆ ಎಂದಷ್ಟರಿಂದಲೇ ಅಂಗಡಿಯವರನ್ನು ಕೇಳಲು ಹೋಗುವಂತಿರಲಿಲ್ಲ. ಮೋಸ ಎರಡು ರೀತಿಯಲ್ಲಿ ನಡೆದಿರಬಹುದು: ತಾಮ್ರ ಶುದ್ಧವಾಗಿದ್ದು ಎಳೆಗಳನ್ನು ತೆಳುವಾಗಿಸಿರಬಹುದು, ಇಲ್ಲವೇ ದಪ್ಪ ಸರಿಯಾಗಿದ್ದು ಲೋಹವೇ ಬೇರೆಯಾಗಿರಬಹುದು. ಮೊದಲನೆಯದರಲ್ಲಿ ರೋಧ ಮಾತ್ರ ಹೆಚ್ಚುತ್ತದೆ. ಎರಡನೆಯದರಲ್ಲಿ ರೋಧಶೀಲತೆಯೇ ಹೆಚ್ಚಿರುತ್ತದೆ. ಹಾಗಾಗಿ ತುದಿಯನ್ನು ಬಿಡಿಸಿ ಎಳೆಗಳನ್ನು ಎಣಿಸಿದೆ, 36 ಇದ್ದವು; ಸ್ಕ್ರೂ ಗೇಜಿನಲ್ಲಿ ಅಳೆದರೆ ಒಂದೊಂದೂ 0.3 ಮಿಲಿಮೀಟರ್ ದಪ್ಪ. ಅಡ್ಡಕೊಯ್ತ ಸರಿಯಾಗಿಯೇ ಇತ್ತು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಗೆ ಹೊಂದಿಸಿ ಲೆಕ್ಕ ಹಾಕಿದಾಗ 0.027 ಓಮ್ ಬಂತು. ತಾಮ್ರಕ್ಕೆ ಅದು 0.017 ಇರಬೇಕು, ಅಲ್ಯೂಮಿನಿಯಮ್ಮಿಗೆ 0.028. ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿದರೆ ತಾಮ್ರದ ತೆಳುಪದರದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಮ್ ಕಾಣಿಸಿತು. ಬೆಲೆಯನ್ನು ಮಾತ್ರ ಪೂರ್ತಿ ತಾಮ್ರದ್ದೇ ಕೊಟ್ಟಿದ್ದೆ.

ಇದರಿಂದ ಅಲ್ಯೂಮಿನಿಯಮ್ ಕೆಟ್ಟದ್ದೆಂದು ತಿಳಿಯಬಾರದು. 200 ಮೀಟರ್ ಕೇಬಲ್ಲಿಗೆ 2.5 ಚದರ ಮಿಲಿಮೀಟರಿನ ತಾಮ್ರವಾದರೆ ಒಂದು ಕೋರಿಗೆ, ಅಂದರೆ ಕೇಬಲ್ಲಿನೊಳಗಿನ ಒಂದು ತಂತಿಗೆ, 1.38 ಓಮ್, 4 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ ಆದರೆ 1.41 ಓಮ್. ಎರಡರ ರೋಧಶೀಲತೆಗಳು ದೂರ ದೂರ. ರೋಧಗಳು ಬಹುತೇಕ ಸಮ. ಕಂಬದ ಮೇಲಿನ ತಂತಿಗಳು ಅಲ್ಯೂಮಿನಿಯಮ್ಮಿನವಾಗಿರುವುದು ಇದೇ ಲೆಕ್ಕದಿಂದ: ದಪ್ಪ ಹೆಚ್ಚು ಬೇಕಾದರೂ, ಅಷ್ಟೇ ರೋಧಕ್ಕೆ ತೂಕ ತಾಮ್ರದ ಅರ್ಧದಷ್ಟೇ ಸಾಕು. ಹೊಲದಂಚು ಅವರು ಬೋರಿಗೆ ಕೇಬಲ್ ಇಳಿಸುವಾಗ ಆಳ ಹೆಚ್ಚಿದ್ದರೆ ದಪ್ಪವನ್ನೂ ಹೆಚ್ಚಿಸಬೇಕು. 10 ಆಂಪಿಯರ್ ಎಳೆಯುವ ಮೋಟರಿಗೆ 200 ಮೀಟರ್ ಆಳದಲ್ಲಿ 2.5ರ ತಾಮ್ರದ ಕೇಬಲ್ ಒಂದೊಂದು ಕೋರಿನಲ್ಲಿ ಸುಮಾರು 14 ವೋಲ್ಟ್ ನುಂಗುತ್ತದೆ, 4ರದು 9 ವೋಲ್ಟಿಗಿಂತ ಕಡಿಮೆ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜು ಮೊದಲೇ ಕಡಿಮೆ ಇರುವಾಗ ಆ ಐದು ವೋಲ್ಟ್ ಸಣ್ಣದಲ್ಲ.

ಉತ್ತರ: ಪಿಯು ಭೌತಶಾಸ್ತ್ರ

ಮೇಲಿನ ಉತ್ತರಗಳಿಗೆ ಸೇರಿಸಬೇಕಾದದ್ದು ಸ್ವಲ್ಪವಿದೆ, ಒಪ್ಪದಿರುವುದೂ ಸ್ವಲ್ಪವಿದೆ. ಪ್ರತಿ ವರ್ಷ ತರಗತಿಯಲ್ಲಿ ನಾನು ನೋಡುವ ತಪ್ಪು ಬೇರೆ ಕಡೆಯಿಂದ ಬರುತ್ತದೆ. ರೋಧಶೀಲತೆ ಕಂಡುಹಿಡಿಯಲು ರೋಧವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು ಎಂದು ಹಲಗೆಯ ಮೇಲೆ ಬರೆದ ಕೂಡಲೇ, ಹಾಗಾದರೆ ತಂತಿ ದಪ್ಪವಾದಷ್ಟೂ ರೋಧಶೀಲತೆ ಹೆಚ್ಚುತ್ತದೆ ಎಂದು ಅರ್ಧ ತರಗತಿ ಬರೆದುಕೊಳ್ಳುತ್ತದೆ. ತಂತಿ ದಪ್ಪವಾದಾಗ ರೋಧವೂ ಅದೇ ಪ್ರಮಾಣದಲ್ಲಿ ಇಳಿದು ಲೆಕ್ಕ ಸರಿಹೋಗುತ್ತದೆ ಎಂಬುದು ಸೂತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ರೋಧ ಅಳೆಯುವ ಮೀಟರ್ ಬ್ರಿಡ್ಜಿನ ಪ್ರಯೋಗದಲ್ಲಿ ಒಂದೇ ದಪ್ಪದ ಕಾನ್‌ಸ್ಟಂಟನ್ ಎಂಬ ಮಿಶ್ರಲೋಹದ ತಂತಿಯ ಅರ್ಧ ಮೀಟರನ್ನೂ ಒಂದು ಮೀಟರನ್ನೂ ಬೇರೆ ಬೇರೆಯಾಗಿ ಅಳೆಸಿದ ಮೇಲೆಯೇ ಹುಡುಗರಿಗೆ ನಂಬಿಕೆ ಬರುವುದು. ಅಲ್ಲಿಯೂ ಸ್ಕ್ರೂ ಗೇಜಿನಲ್ಲಿ ಬಂದ ವ್ಯಾಸವನ್ನು ತ್ರಿಜ್ಯವೆಂದು ಹಾಕಿ, ಉತ್ತರ ನಾಲ್ಕು ಪಟ್ಟು ಬಂದಿದೆ ಎಂದು ಓಡಿ ಬರುವವರು ಇದ್ದೇ ಇರುತ್ತಾರೆ.

ತೂಕಕ್ಕೂ ಸಾಂದ್ರತೆಗೂ ಇರುವ ಸಂಬಂಧವೇ ರೋಧಕ್ಕೂ ರೋಧಶೀಲತೆಗೂ ಇದೆ ಎಂದು ಹೇಳಿಕೊಡುವ ರೂಢಿ ಇದೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಇಟ್ಟಿಗೆಯನ್ನು ನಿಲ್ಲಿಸಿದರೂ ಮಲಗಿಸಿದರೂ ತೂಕ ಒಂದೇ. ಆದರೆ 20, 10, 5 ಸೆಂಟಿಮೀಟರ್ ಅಳತೆಯ ಗ್ರಾಫೈಟ್ ಇಟ್ಟಿಗೆಯೊಂದರಲ್ಲಿ ವಿದ್ಯುತ್ತನ್ನು ಉದ್ದಕ್ಕೆ ಹರಿಸಿದರೆ ಬರುವ ರೋಧ, ದಪ್ಪದ ದಿಕ್ಕಿನಲ್ಲಿ ಹರಿಸಿದಾಗ ಬರುವುದರ ಹದಿನಾರು ಪಟ್ಟು. ಒಂದೇ ಇಟ್ಟಿಗೆ, ಒಂದೇ ರೋಧಶೀಲತೆ, ಮೂರು ದಿಕ್ಕಿಗೆ ಮೂರು ರೋಧ. (ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿರುವಂತೆ ಮಾಡಿದ ಗ್ರಾಫೈಟಿನ ಮಾತು ಇದು. ಪದರಪದರವಾದ ಗ್ರಾಫೈಟ್ ಹರಳಿನಲ್ಲಾದರೆ ರೋಧಶೀಲತೆಯೇ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ.)

ರೋಧಶೀಲತೆ ದ್ರವ್ಯದ ಗುಣವೆಂದ ಮಾತ್ರಕ್ಕೆ ಅದು ಕಲ್ಲಿನಲ್ಲಿ ಕೆತ್ತಿದ ಅಂಕಿಯೂ ಅಲ್ಲ. ವೈರಿಂಗ್ ಕೆಲಸದವರು ಹೇಳಿದ ತಾಮ್ರದ ಅಂಕಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹದವಾಗಿ ಕಾಯಿಸಿ ಮೆದುಗೊಳಿಸಿದ ತಾಮ್ರಕ್ಕೆ ಸಲ್ಲುವಂಥದ್ದು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಅಂಥ ತಂತಿಗೆ 58ರಲ್ಲಿ ಒಂದು ಓಮ್ ಎಂದು 1913ರಲ್ಲಿ ಅಂತರರಾಷ್ಟ್ರೀಯ ಮಾನದಂಡವನ್ನೇ ನಿಗದಿ ಮಾಡಿದರು. ಒಂದೊಂದು ಡಿಗ್ರಿಗೂ ಅದು ಶೇಕಡಾ 0.39ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿದ್ದ ಮೋಟರಿನ ಸುತ್ತು 75 ಡಿಗ್ರಿಗೆ ಕಾದರೆ ರೋಧ ಶೇಕಡಾ 20ರ ಹತ್ತಿರ ಹೆಚ್ಚುತ್ತದೆ. ತಂತಿ ಉದ್ದವಾದದ್ದೂ ಇಲ್ಲ, ತೆಳುವಾದದ್ದೂ ಇಲ್ಲ. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಉರಿಯುವಾಗ ಅದರ ರೋಧ 880 ಓಮ್. ಆರಿದ ಬಲ್ಬನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಅದರ ಹತ್ತರಲ್ಲಿ ಒಂದು ಭಾಗವೂ ಇರುವುದಿಲ್ಲ. ಅಲ್ಲಿ ಬದಲಾದದ್ದು ಟಂಗ್‌ಸ್ಟನ್ನಿನ ರೋಧಶೀಲತೆ. ಹಾಗಾಗಿ ಶಿಲಾಪದರ ಅವರು ನೆನೆದ ಮಣ್ಣನ್ನು ಬೇರೆಯೇ ದ್ರವ್ಯ ಎಂದು ಕರೆದದ್ದು ಜಾಣ ಉತ್ತರವಾದರೂ, ಕಾದ ತಾಮ್ರವನ್ನು ಬೇರೆ ದ್ರವ್ಯ ಎನ್ನಲಾಗದು. ರೋಧಶೀಲತೆ ವಸ್ತುವಿನ ಆಕಾರವನ್ನೂ ಗಾತ್ರವನ್ನೂ ಅವಲಂಬಿಸಿಲ್ಲ, ಆದರೆ ದ್ರವ್ಯವು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅವಲಂಬಿಸಿದೆ ಎಂದು ಹೇಳುವುದು ಹೆಚ್ಚು ಸರಿ.

ಉತ್ತರ: ಶಿಲಾಪದರ

ತಿದ್ದುಪಡಿಯನ್ನು ಒಪ್ಪಿದೆ, ಮೇಷ್ಟ್ರೇ. ಹೊಲದಂಚು ಅವರಿಗೆ ಒಂದು ಮಾತು ಬಾಕಿ ಇದೆ. 60 ಮೀಟರ್ ಅಂತರದ ಅಳತೆ ಮೇಲಿನ ಕೆಲವು ಹತ್ತು ಮೀಟರುಗಳ ಬಗ್ಗೆ ಮಾತ್ರ ಮಾತನಾಡುತ್ತದೆ. 800 ಅಡಿ, 1000 ಅಡಿಯಲ್ಲಿ ಗೇಣುದ್ದದ ಬಿರುಕೊಂದರಲ್ಲಿ ನೀರಿದೆಯೇ ಎಂಬುದನ್ನು ಅದು ತೋರಿಸಲಾರದು. ವರದಿಯಲ್ಲಿ ಅಷ್ಟು ಆಳದ ಭರವಸೆಯನ್ನು ಯಾರಾದರೂ ಕೊಟ್ಟಿದ್ದರೆ, ಯಾವ ಅಂಕಿಯಿಂದ ಹಾಗೆ ತೀರ್ಮಾನಿಸಿದಿರಿ ಎಂದು ಕೇಳಿ. ಸಾಧ್ಯವಾದರೆ ಮೊದಲ ಸಾಲಿಗೆ ಅಡ್ಡಲಾಗಿ ಇನ್ನೊಂದು ಸಾಲಿನಲ್ಲಿಯೂ ಅಳೆಸಿ. ಎರಡು ಸಾಲುಗಳ ಅಂಕಿಗಳು ಹೊಂದದಿದ್ದರೆ ನೆಲ ಪಕ್ಕಕ್ಕೂ ಬದಲಾಗುತ್ತಿದೆ ಎಂದು ಅರ್ಥ.

ಹೊಲದಂಚು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಐದು ಅಂಕಿಗಳನ್ನೂ ಅಂತರದಿಂದ ಮತ್ತು 6.28ರಿಂದ ಗುಣಿಸಿದೆ, ವರದಿಯ ಅಂಕಿಗಳೇ ಬಂದವು. ಪಕ್ಕದ ಹೊಲದ ಹಿರಿಯರಿಗೆ ನಾಲ್ಕು ಗೂಟಗಳ ವಿಷಯ ಹೇಳಿದಾಗ ಬಿಂದಿಗೆಯ ಮಾತನ್ನು ಒಪ್ಪಿದರು, ಆದರೆ ಬೋರು ಎಲ್ಲಿ ಕೊರೆಸಬೇಕು ಎಂಬುದರಲ್ಲಿ ಮಾತ್ರ ಇನ್ನೂ ತೆಂಗಿನಕಾಯಿಯ ಪಕ್ಷದಲ್ಲೇ ಇದ್ದಾರೆ. ವರದಿಯಲ್ಲಿ 900 ಅಡಿ ಎಂದು ಬರೆದಿದ್ದಾರೆ. ಯಾವ ಆಧಾರದ ಮೇಲೆ ಎಂದು ಕೇಳಲು, ಹಾಗೂ ಅಡ್ಡಸಾಲಿನಲ್ಲಿಯೂ ಅಳೆಯಲು, ಭೂವಿಜ್ಞಾನಿಗಳನ್ನು ಈ ವಾರ ಮತ್ತೆ ಕರೆಸುತ್ತಿದ್ದೇವೆ. ಅಂಕಿಗಳು ಸಿಕ್ಕ ಕೂಡಲೇ ಇಲ್ಲಿಯೇ ಹಾಕುತ್ತೇನೆ.